ಇಲಿ ಬೀಳದ ಪಿಡುಗು

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಆ ಬಳಿಕ ಎಷ್ಟೋ ವರ್ಷಗಳ ಕಾಲ ಮೈಸೂರು ಸೀಮೆಯಲ್ಲಿ “ಇಲಿ ಬಿತ್ತು” ಎಂಬ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಜನರು ಪಾತ್ರೆಪಡಗಗಳನ್ನು ಗಂಟುಕಟ್ಟಿ, ಮನೆಗೆ ಬೀಗ ಹಾಕಿ, ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿರಲು ಹೊರಟುಬಿಡುತ್ತಿದ್ದರು. ಅವರ ಭಯಕ್ಕೆ ಕಾರಣವಿತ್ತು. ಪ್ಲೇಗಿನ ಬ್ಯಾಕ್ಟೀರಿಯವು ಮೊದಲು ಇಲಿಯನ್ನೇ ಕೊಲ್ಲುತ್ತದೆ. ಸತ್ತ ಇಲಿಯ ಮೈ ತಣ್ಣಗಾಗುತ್ತಲೇ ಅದರ ಮೇಲಿದ್ದ ಚಿಗಟಗಳು ಬೇರೊಂದು ಬಿಸಿ ಮೈಯನ್ನು ಅರಸಿ ಹೊರಡುತ್ತವೆ. ಇಲಿಗಳು ಸಿಕ್ಕದೆ ಹೋದಾಗ ಮನುಷ್ಯನನ್ನು ಕಚ್ಚುತ್ತವೆ. ಹೀಗೆ ಸತ್ತ ಇಲಿಯೇ ಆ ಕಾಲದ ಜನಕ್ಕೆ ಮುಂದೆ ಬರುವ ಕೇಡಿನ ಮುನ್ಸೂಚನೆಯಾಗಿತ್ತು.

ಆದರೆ ಇಲಿಗಳಿಂದ ಬರುವ ರೋಗಗಳೆಲ್ಲವೂ ಹೀಗೆ ಮುಂದಾಗಿ ಸೂಚನೆ ಕೊಡುವುದಿಲ್ಲ. ಕೆಲವು ರೋಗಗಳಲ್ಲಿ ಇಲಿ ಬೀಳುವುದೇ ಇಲ್ಲ. ಅದು ಎಂದಿನಂತೆ ಕಾಳು ಮೆಲ್ಲುತ್ತ, ಮರಿ ಹಾಕುತ್ತ, ಮನೆಯ ಮೂಲೆಯಲ್ಲಿ ಓಡಾಡಿಕೊಂಡಿರುತ್ತದೆ. ರೋಗದ ಲಕ್ಷಣವೊಂದೂ ಅದರಲ್ಲಿ ಕಾಣುವುದಿಲ್ಲ. ಆದರೂ ಅದರ ಮೂತ್ರದಲ್ಲಿ, ಹಿಕ್ಕೆಯಲ್ಲಿ, ಜೊಲ್ಲಿನಲ್ಲಿ ಮನುಷ್ಯನನ್ನು ಕೆಲವೇ ದಿನಗಳಲ್ಲಿ ಕೊಲ್ಲಬಲ್ಲ ವೈರಸ್ ತುಂಬಿರುತ್ತದೆ. ಒಂದೇ ವೈರಸ್, ಒಂದು ಮೈಯಲ್ಲಿ ಅದು ಸದ್ದಿಲ್ಲದೆ ಬಾಳುತ್ತದೆ, ಇನ್ನೊಂದು ಮೈಯಲ್ಲಿ ಸಾವನ್ನು ತರುತ್ತದೆ. ಇದಕ್ಕೆ ಕಾರಣವೇನು? ಈ ಪ್ರಶ್ನೆಗೆ ಶಾಸ್ತ್ರಜ್ಞರು ಕಂಡುಕೊಂಡಿರುವ ಉತ್ತರವನ್ನು ಈ ಲೇಖನದಲ್ಲಿ ನೋಡೋಣ.

ಹಂಟಾನ್ ನದಿಯ ತೀರದಲ್ಲಿ

೧೯೫೦ರಲ್ಲಿ ಕೊರಿಯ ದೇಶದಲ್ಲಿ ಯುದ್ಧ ಆರಂಭವಾಯಿತು. ಮರುವರ್ಷ, ಎಂದರೆ ೧೯೫೧ರಲ್ಲಿ, ವಿಶ್ವಸಂಸ್ಥೆಯ ಪಡೆಗಳ ಸೈನಿಕರಲ್ಲಿ ವೈದ್ಯರಿಗೆ ಗುರುತು ಸಿಗದ ಒಂದು ಜ್ವರ ಕಾಣಿಸಿಕೊಂಡಿತು. ಮೊದಲು ತೀವ್ರವಾದ ಜ್ವರ, ತಲೆನೋವು, ಬೆನ್ನುನೋವು. ಅನಂತರ ಮೈಮೇಲೆ ರಕ್ತದ ಚುಕ್ಕೆಗಳು. ರಕ್ತದ ಒತ್ತಡ ಥಟ್ಟನೆ ಇಳಿದು, ಮೂತ್ರಪಿಂಡಗಳ ಕೆಲಸ ನಿಂತುಹೋಗುವುದು. ಯುದ್ಧ ಮುಗಿಯುವುದರೊಳಗೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ಸೈನಿಕರು ಈ ರೋಗಕ್ಕೆ ತುತ್ತಾದರು; ನೂರಾರು ಮಂದಿ ಸತ್ತರು. ಹೊಲಗಳ ನಡುವೆ ಕಂದಕ ತೋಡಿಕೊಂಡು, ನೆಲದ ಮೇಲೆ ಮಲಗುತ್ತಿದ್ದ ಸೈನಿಕರಿಗೆ ಶತ್ರುವಿನ ಗುಂಡಿನ ಜೊತೆಗೆ ಕಣ್ಣಿಗೆ ಕಾಣದ ಈ ಶತ್ರುವೂ ಎದುರಾಯಿತು.

ರೋಗಕ್ಕೆ ಕಾರಣವನ್ನು ಹುಡುಕಿ ವೈದ್ಯರು ವರ್ಷಗಟ್ಟಲೆ ದುಡಿದರು. ಇಲಿಗಳ ಮೈಮೇಲಿನ ನುಸಿಗಳ ಮೇಲೆ ಸಂಶಯ ಬಂದಿತು. ಆದರೆ ಏನೂ ಸಿಕ್ಕಲಿಲ್ಲ. ಯುದ್ಧ ನಿಂತು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ, ೧೯೭೬ರಲ್ಲಿ, ಕೊರಿಯದ ಶಾಸ್ತ್ರಜ್ಞ ಲೀ ಹೋ ವಾಂಗ್ ಅವರು ಈ ಗುಟ್ಟನ್ನು ಬಿಡಿಸಿದರು. ಅವರು ಅನುಸರಿಸಿದ ಉಪಾಯ ಸರಳವೂ ಜಾಣತನದ್ದೂ ಆಗಿತ್ತು. ರೋಗದಿಂದ ಚೇತರಿಸಿಕೊಂಡವನ ರಕ್ತದಲ್ಲಿ ಆ ರೋಗದ ವೈರಸನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳೆಂಬ ವಸ್ತುಗಳು ಇದ್ದೇ ಇರುತ್ತವೆ. ಹಾಗಾದರೆ ಅಂಥವನ ರಕ್ತದ ಸೀರಮ್ಮನ್ನು ಸಂಶಯವಿರುವ ಪ್ರಾಣಿಯ ಅಂಗದ ತೆಳುವಾದ ಸೀಳಿನ ಮೇಲೆ ಸುರಿದರೆ, ಅಲ್ಲಿ ವೈರಸ್ ಇದ್ದ ಪಕ್ಷದಲ್ಲಿ ಪ್ರತಿಕಾಯಗಳು ಅಂಟಿಕೊಳ್ಳಬೇಕು. ಅವು ಅಂಟಿಕೊಂಡುದನ್ನು ಕಣ್ಣಿಗೆ ಕಾಣಿಸಲು ಬೆಳಗುವ ಬಣ್ಣವೊಂದನ್ನು ಸೇರಿಸಬೇಕು. ಬೆನ್ನಿನ ಮೇಲೆ ಕಪ್ಪು ಪಟ್ಟೆಯುಳ್ಳ ಹೊಲದ ಇಲಿಗಳನ್ನು ಹಿಡಿದು, ಅವುಗಳ ಶ್ವಾಸಕೋಶದ ಸೀಳುಗಳನ್ನು ಹೀಗೆ ಪರೀಕ್ಷಿಸಿದಾಗ ಸೂಕ್ಷ್ಮದರ್ಶಕದ ಕೆಳಗೆ ಅವು ಹೊಳೆದವು. ಮುಂದೆ ವೈರಸನ್ನೇ ಬೇರ್ಪಡಿಸಿದ ಮೇಲೆ, ರೋಗ ಹೆಚ್ಚಾಗಿದ್ದ ಪ್ರದೇಶದಲ್ಲಿ ಹರಿಯುವ ಹಂಟಾನ್ ನದಿಯ ಹೆಸರನ್ನು ಅದಕ್ಕೆ ಇಟ್ಟರು. ಈ ಬಗೆಯ ವೈರಸುಗಳಿಗೆಲ್ಲ ಈಗ ಹಂಟಾವೈರಸ್ ಎಂಬ ಹೆಸರೇ ನಿಂತಿದೆ.

ಹಂಟಾವೈರಸಿನ ಕಣವೊಂದರ ಅಡ್ಡಳತೆ ಸುಮಾರಾಗಿ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅದರ ಒಡಲಲ್ಲಿ ಮೂರು ತುಂಡು ಆರ್‌ಎನ್‌ಎ, ಅವುಗಳ ಸುತ್ತ ಪ್ರೋಟೀನು, ಹೊರಗೆ ಕೊಬ್ಬಿನ ತೆಳುವಾದ ಹೊದಿಕೆ. ಇಷ್ಟೇ ಅದರ ಆಸ್ತಿ. ಜೀವಕೋಶವೊಂದರ ಒಳಹೊಕ್ಕು, ಅದರ ಸಲಕರಣೆಗಳನ್ನೇ ಬಳಸಿಕೊಂಡಲ್ಲದೆ ಅದು ತನ್ನ ಸಂತತಿಯನ್ನು ಬೆಳೆಸಲಾರದು. ಆದುದರಿಂದ ಅದಕ್ಕೆ ಒಂದು ಆಶ್ರಯಪ್ರಾಣಿ ಬೇಕೇ ಬೇಕು.

ಹೆಸರಿಲ್ಲದ ವೈರಸ್

೧೯೯೩ರ ಮೇ ತಿಂಗಳಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಇಂಥದೇ ಇನ್ನೊಂದು ಘಟನೆ ನಡೆಯಿತು. ಆರಿಜೋನ, ನ್ಯೂ ಮೆಕ್ಸಿಕೊ, ಕೊಲರಾಡೊ, ಯೂಟ ಎಂಬ ನಾಲ್ಕು ಸಂಸ್ಥಾನಗಳ ಗಡಿಗಳು ಕೂಡುವ ಒಣ ಸೀಮೆಯಲ್ಲಿ ಗಟ್ಟಿಮುಟ್ಟಾದ ಯುವಕ ಯುವತಿಯರು ಒಂದೆರಡು ದಿನ ಜ್ವರವೆಂದು ಮಲಗಿ, ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಸಾಯತೊಡಗಿದರು. ಅವರ ಶ್ವಾಸಕೋಶಗಳಲ್ಲಿ ನೀರು ತುಂಬಿಕೊಂಡಿತ್ತು. ಸತ್ತವರಲ್ಲಿ ಅನೇಕರು ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನಾಂಗದವರು. ರೋಗಿಗಳ ರಕ್ತವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಅದು ಹಂಟಾವೈರಸುಗಳಿಗೆ ಪ್ರತಿಕ್ರಿಯೆ ತೋರಿತು. ಕೂಡಲೇ ಊರ ಸುತ್ತಮುತ್ತ ಬೋನುಗಳನ್ನು ಇಟ್ಟು ಇಲಿಗಳನ್ನು ಹಿಡಿದರು. ಹೊಟ್ಟೆ ಬಿಳುಪಾಗಿ ಬೆನ್ನು ಜಿಂಕೆಯ ಬಣ್ಣವಾಗಿರುವುದರಿಂದ ‘ಜಿಂಕೆ ಇಲಿ’ ಎನಿಸಿಕೊಂಡ ಒಂದು ಜಾತಿಯ ಇಲಿಗಳಲ್ಲಿ ನೂರಕ್ಕೆ ಸುಮಾರು ೩೦ರಲ್ಲಿ ಸೋಂಕಿನ ಗುರುತು ಸಿಕ್ಕಿತು.

ಹೊಸ ವೈರಸಿಗೆ ಆ ಸೀಮೆಯ ಹೆಸರನ್ನೇ ಇಡಲು ಹೊರಟಾಗ ಅಲ್ಲಿನ ಜನ ಒಪ್ಪಲಿಲ್ಲ. ತಮ್ಮ ನೆಲದ ಹೆಸರು ಸಾವಿನ ಜೊತೆ ಸೇರಿಕೊಳ್ಳುವುದು ಯಾರಿಗೆ ತಾನೆ ಹಿತವಾದೀತು? ಕೊನೆಗೆ ಅದನ್ನು ‘ಸಿನ್ ನೋಂಬ್ರೆ’ ಎಂದು ಕರೆದರು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಮಾತಿಗೆ ‘ಹೆಸರಿಲ್ಲದ್ದು’ ಎಂದೇ ಅರ್ಥ.

ಈ ವೈರಸ್ ಹೆಸರಿಗೆ ಹೊಸದು, ಹುಟ್ಟಿಗೆ ಹೊಸದಲ್ಲ. ಹಿಂದೆ ಕಾಪಾಡಿಟ್ಟಿದ್ದ ಅಂಗಾಂಶಗಳನ್ನು ತೆಗೆದು ಪರೀಕ್ಷಿಸಿದಾಗ, ೧೯೫೯ರಷ್ಟು ಹಿಂದೆಯೇ ಯೂಟ ಸಂಸ್ಥಾನದಲ್ಲಿ ಒಬ್ಬ ಮನುಷ್ಯನಿಗೆ ಈ ರೋಗ ಬಂದಿದ್ದುದು ತಿಳಿಯಿತು. ಇಲಿಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು, ಅವು ಮುಟ್ಟಿದುದನ್ನು ಬಳಸಬಾರದು ಎಂಬ ತಿಳಿವಳಿಕೆ ನವಾಹೊ ಹಿರಿಯರಲ್ಲಿ ತಲೆಮಾರುಗಳಿಂದ ಇದ್ದಿತು. ವೈರಸ್ ಜಿಂಕೆ ಇಲಿಯ ಜೊತೆಯಲ್ಲಿ ಬಹುಕಾಲದಿಂದ ಬಾಳಿಕೊಂಡು ಬಂದಿದೆ. ನಾವು ಅದನ್ನು ಕಂಡುದು ಮಾತ್ರ ೧೯೯೩ರಲ್ಲಿ.

ಇಲಿಯಿಂದ ಇಲಿಗೆ

ಹಂಟಾವೈರಸುಗಳಲ್ಲಿ ಒಂದು ವಿಶೇಷವುಂಟು. ಸಾಮಾನ್ಯವಾಗಿ ಒಂದೊಂದು ವೈರಸಿಗೂ ಒಂದೊಂದೇ ಜಾತಿಯ ಆಶ್ರಯಪ್ರಾಣಿ. ಹಂಟಾನ್ ವೈರಸಿಗೆ ಪಟ್ಟೆಯ ಹೊಲದಿಲಿ. ಸಿನ್ ನೋಂಬ್ರೆಗೆ ಜಿಂಕೆ ಇಲಿ. ಉತ್ತರ ಯೂರೋಪಿನ ಪೂಮಾಲ ವೈರಸಿಗೆ ಗಿಡ್ಡ ಬಾಲದ, ಕೆಂಗಂದು ಬಣ್ಣದ ಬ್ಯಾಂಕ್ ವೋಲ್ ಎಂಬ ಕಾಡಿನ ಇಲಿ. ಹಡಗುಗಳನ್ನೇರಿ ಲೋಕವನ್ನೆಲ್ಲ ಸುತ್ತಿದ ಕಂದು ಬಣ್ಣದ ದೊಡ್ಡ ಇಲಿಯ ಜೊತೆಗೆ ಅದರ ಸೋಲ್ ವೈರಸೂ ಲೋಕದ ರೇವು ಪಟ್ಟಣಗಳನ್ನು ಸೇರಿದೆ. ವೈರಸುಗಳ ವಂಶವೃಕ್ಷವನ್ನು ಬರೆದು, ಅದರ ಪಕ್ಕದಲ್ಲಿ ಇಲಿಗಳ ವಂಶವೃಕ್ಷವನ್ನು ಇಟ್ಟು ನೋಡಿದರೆ ಎರಡಕ್ಕೂ ಬಹಳ ಹೋಲಿಕೆ ಕಾಣುತ್ತದೆ. ಇದರಿಂದ, ಇಲಿಗಳ ಜಾತಿಗಳು ಕವಲೊಡೆದಂತೆಲ್ಲ ಅವುಗಳ ವೈರಸುಗಳೂ ಕವಲೊಡೆದುವೆಂದು ಮೊದಲು ಊಹಿಸಿದರು. ಆದರೆ ಆ ಬಳಿಕ ಸೊಂಡಿಲಿ, ಬಾವಲಿ ಮುಂತಾದ ಬೇರೆ ವರ್ಗದ ಪ್ರಾಣಿಗಳಲ್ಲಿಯೂ ಹಂಟಾವೈರಸುಗಳು ದೊರೆತಿವೆ. ವೈರಸುಗಳು ಆಗಾಗ ಒಂದು ಜಾತಿಯಿಂದ ಹತ್ತಿರದ ಇನ್ನೊಂದು ಜಾತಿಗೆ ದಾಟಿ, ಅಲ್ಲಿ ಹೊಂದಿಕೊಂಡಿರುವುದೂ ಉಂಟೆಂದು ಈಗ ಹಲವರ ಅಭಿಪ್ರಾಯ.

ಇಲಿಗಳಲ್ಲಿ ಈ ವೈರಸ್ ಹೇಗೆ ಹರಡುತ್ತದೆ? ಸೋಂಕು ತಗುಲಿದ ತಾಯಿ ತನ್ನ ಮರಿಗಳಿಗೆ ವೈರಸನ್ನು ಕೊಡುವುದಿಲ್ಲ. ಅದಕ್ಕೆ ಬದಲಾಗಿ ತನ್ನ ಪ್ರತಿಕಾಯಗಳನ್ನು ಕೊಡುತ್ತದೆ. ತಾಯಿಯಿಂದ ಬಂದ ಈ ರಕ್ಷೆ ಕೆಲವು ವಾರಗಳ ಕಾಲ ಮರಿಯನ್ನು ಕಾಯುತ್ತದೆ. ಅದು ತೀರಿದ ಮೇಲೆ, ಮರಿ ಬೆಳೆದು ಪ್ರಾಯಕ್ಕೆ ಬಂದು ತನ್ನ ಎಲ್ಲೆಗಾಗಿ, ಹೆಣ್ಣಿಗಾಗಿ ಇತರ ಇಲಿಗಳೊಡನೆ ಕಾದಾಡತೊಡಗಿದಾಗ, ಕಚ್ಚಿದ ಗಾಯದ ಮೂಲಕ ವೈರಸ್ ಒಳಸೇರುತ್ತದೆ. ಹಿಡಿದ ಇಲಿಗಳನ್ನು ಪರೀಕ್ಷಿಸಿದವರು, ಮೈಮೇಲೆ ಗಾಯದ ಕಲೆಯುಳ್ಳ ಪ್ರಾಯದ ಗಂಡಿಲಿಗಳಲ್ಲಿಯೇ ಸೋಂಕು ಹೆಚ್ಚೆಂಬುದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಇಲಿಗಳ ಬೀಡಿನಲ್ಲಿ ಒದ್ದೆಯಾದ ಹುಲ್ಲು, ಹೊಟ್ಟುಗಳೂ ಸೋಂಕನ್ನು ಹರಡಬಲ್ಲವು. ಪೂಮಾಲ ವೈರಸ್ ಇಲಿಗಳ ಹಾಸಿಗೆಯ ಹೊಟ್ಟಿನಲ್ಲಿ ಸುಮಾರು ಎರಡು ವಾರ ಜೀವ ಹಿಡಿದಿರುತ್ತದೆಂದು ಪ್ರಯೋಗದಿಂದ ತಿಳಿದಿದೆ.

ಮನುಷ್ಯನು ಈ ಸರಪಳಿಯಲ್ಲಿ ಸೇರಿದವನೇ ಅಲ್ಲ. ಇಲಿಗಳಿದ್ದ ಹಳೆಯ ಕೋಣೆಯನ್ನು ಗುಡಿಸುವಾಗ, ಹುಲ್ಲಿನ ಬಣವೆಯನ್ನು ಕೆದಕುವಾಗ, ಒಣಗಿದ ಮೂತ್ರ ಹಿಕ್ಕೆಗಳ ಧೂಳು ಎದ್ದು ಅವನ ಉಸಿರಿನೊಡನೆ ಒಳಹೋಗುತ್ತದೆ. ಅವನಿಂದ ವೈರಸ್ ಮುಂದಕ್ಕೆ ಹೋಗುವುದು ಅಪರೂಪ. ದಕ್ಷಿಣ ಅಮೆರಿಕದ ಆಂಡೀಸ್ ವೈರಸ್ ಒಂದೇ ಇದಕ್ಕೆ ಎದ್ದು ಕಾಣುವ ಅಪವಾದ. ೨೦೧೮–೧೯ರಲ್ಲಿ ಅರ್ಜೆಂಟೀನದ ಎಪುಯೆನ್ ಎಂಬ ಸಣ್ಣ ಊರಿನಲ್ಲಿ ಅದು ಮನುಷ್ಯನಿಂದ ಮನುಷ್ಯನಿಗೆ ಹರಡಿ, ೩೪ ಮಂದಿಗೆ ತಗುಲಿ, ೧೧ ಮಂದಿಯನ್ನು ಕೊಂದಿತು.

ಇಲಿಗೇಕೆ ರೋಗವಿಲ್ಲ?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ವೈರಸ್ ಇಲಿಯಲ್ಲಿ ಬೆಳೆಯುವುದಿಲ್ಲವೆಂದೇನೂ ಅಲ್ಲ. ಸೋಂಕು ತಗುಲಿದ ಇಲಿಯ ಶ್ವಾಸಕೋಶದಲ್ಲಿ, ಮೂತ್ರಪಿಂಡದಲ್ಲಿ, ರಕ್ತನಾಳಗಳ ಒಳಪದರದ ಜೀವಕೋಶಗಳಲ್ಲಿ ಅದು ಯಥೇಚ್ಛವಾಗಿ ಬೆಳೆಯುತ್ತದೆ. ಮನುಷ್ಯನಲ್ಲಿ ಅದು ಹಿಡಿಯುವುದೂ ಇದೇ ಜೀವಕೋಶಗಳನ್ನು. ಹೀಗಿದ್ದೂ ಮನುಷ್ಯನ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ರಕ್ತದ ದ್ರವ ಶ್ವಾಸಕೋಶಕ್ಕೆ, ಇತರ ಅಂಗಗಳಿಗೆ ಇಳಿಯುತ್ತದೆ. ರಕ್ತದ ಒತ್ತಡ ಕುಸಿಯುತ್ತದೆ. ಇಲಿಯ ರಕ್ತನಾಳ ಮಾತ್ರ ಸೋರುವುದಿಲ್ಲ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಹಂಟಾವೈರಸನ್ನು ಮನುಷ್ಯನ ರಕ್ತನಾಳದ ಜೀವಕೋಶಗಳಲ್ಲಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದರೆ, ಆ ಜೀವಕೋಶಗಳು ಒಡೆದು ಸಾಯುವುದಿಲ್ಲ. ವೈರಸ್ ತಾನಾಗಿ ಅವನ್ನು ನಾಶಮಾಡುವುದಿಲ್ಲವೆಂದ ಮೇಲೆ ರೋಗಿಯಲ್ಲಿ ಇಷ್ಟೊಂದು ಹಾನಿ ಎಲ್ಲಿಂದ ಬಂತು? ಅದರ ಬಹುಭಾಗ ರೋಗಿಯ ರಕ್ಷಣಾ ವ್ಯವಸ್ಥೆಯಿಂದಲೇ ಆಗುತ್ತದೆಂದು ಈಗ ಶಾಸ್ತ್ರಜ್ಞರು ನಂಬುತ್ತಾರೆ. ಹೊಸ ಶತ್ರುವನ್ನು ಕಂಡು ಉದ್ರೇಕಗೊಂಡ ಬಿಳಿಯ ರಕ್ತಕಣಗಳು ಸೋಂಕು ತಗುಲಿದ ಜಾಗಕ್ಕೆ ನುಗ್ಗಿ, ಉರಿಯೂತವನ್ನು ಉಂಟುಮಾಡುವ ರಾಸಾಯನಿಕಗಳನ್ನು ಹೇರಳವಾಗಿ ಸುರಿಸುತ್ತವೆ. ಆ ರಾಸಾಯನಿಕಗಳೇ ರಕ್ತನಾಳದ ಗೋಡೆಯನ್ನು ಸಡಿಲಮಾಡುತ್ತವೆ. ಮನೆಗೆ ಹೊಕ್ಕ ಹಾವನ್ನು ಹೊಡೆಯಲು ಮನೆಗೇ ಬೆಂಕಿಯಿಟ್ಟ ಹಾಗೆ.

ಇಲಿಯ ಮೈ ಹಾಗೆ ಮಾಡುವುದಿಲ್ಲ. ಅದೂ ಪ್ರತಿಕಾಯಗಳನ್ನು ತಯಾರಿಸುತ್ತದೆ. ವೈರಸನ್ನು ಅದು ಗುರುತಿಸಿಲ್ಲವೆನ್ನಲಾಗದು. ಆದರೆ ಗುರುತಿಸಿಯೂ ಮಿತಿ ಮೀರಿ ಕೆರಳುವುದಿಲ್ಲ. ರಕ್ಷಣಾ ವ್ಯವಸ್ಥೆಯಲ್ಲಿ ಶತ್ರುವಿನ ಮೇಲೆ ಬೀಳುವ ಕಣಗಳಿರುವಂತೆಯೇ ಅವನ್ನು ಹಿಡಿದು ನಿಲ್ಲಿಸುವ ‘ನಿಯಂತ್ರಕ’ ಕಣಗಳೂ ಉಂಟು. ಸೋಲ್ ವೈರಸ್ ಹಿಡಿದ ಕಂದು ಇಲಿಗಳ ಶ್ವಾಸಕೋಶದಲ್ಲಿ ಈ ನಿಯಂತ್ರಕ ಕಣಗಳ ಸಂಖ್ಯೆ ಏರುತ್ತದೆ. ೨೦೦೭ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆ ಕಣಗಳ ಕೆಲಸವನ್ನು ನಿಲ್ಲಿಸಿ ನೋಡಿದಾಗ, ಇಲಿಗಳಲ್ಲಿ ವೈರಸಿನ ಪ್ರಮಾಣವೇ ಇಳಿದುಹೋಯಿತು. ಎಂದರೆ, ಇಲಿಯ ಮೈ ತನ್ನ ಕೈಯನ್ನು ತಾನೇ ತಡೆದುಕೊಳ್ಳುವುದರಿಂದ ಎರಡು ಫಲಗಳು ಒಟ್ಟಿಗೆ ಬರುತ್ತವೆ: ಇಲಿಗೆ ಉರಿಯೂತವಿಲ್ಲ, ವೈರಸಿಗೆ ಬಹುಕಾಲದ ವಸತಿಯುಂಟು.

ಇದನ್ನು ಇಬ್ಬರೂ ಕೂಡಿ ಮಾಡಿಕೊಂಡ ಒಪ್ಪಂದವೆಂದು ತಿಳಿಯಬಾರದು. ವೈರಸಿಗಾಗಲಿ ಇಲಿಯ ರಕ್ತಕಣಗಳಿಗಾಗಲಿ ಉದ್ದೇಶವೆಂಬುದಿಲ್ಲ. ವೈರಸಿನ ವಿರುದ್ಧ ಅತಿಯಾಗಿ ಕೆರಳಿದ ಇಲಿಗಳು ಮರಿಗಳನ್ನು ಬಿಡದೆ ಸತ್ತಿರಬೇಕು. ತನ್ನ ಆಶ್ರಯವನ್ನು ಬೇಗನೆ ಕೊಂದ ವೈರಸ್ ಬೇರೆ ಇಲಿಯನ್ನು ಸೇರುವ ಮೊದಲೇ ಅಳಿದಿರಬೇಕು. ಅಸಂಖ್ಯಾತ ತಲೆಮಾರುಗಳ ಈ ಆಯ್ಕೆಯಲ್ಲಿ ಉಳಿದುಬಂದ ಜೋಡಿಯನ್ನೇ ನಾವು ಈಗ ಕಾಣುತ್ತಿರುವುದು. ಮನುಷ್ಯನ ವಿಷಯದಲ್ಲಿ ಅಂಥ ಆಯ್ಕೆ ನಡೆದಿಲ್ಲ. ಅವನಿಂದ ಮುಂದೆ ಹೋಗಲು ವೈರಸಿಗೆ ದಾರಿಯಿಲ್ಲವಾದುದರಿಂದ, ಅವನು ಬದುಕಿದರೂ ಸತ್ತರೂ ವೈರಸಿನ ಸಂತತಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸಿನ್ ನೋಂಬ್ರೆ ರೋಗಿಗಳಲ್ಲಿ ನೂರಕ್ಕೆ ೩೫ಕ್ಕೂ ಹೆಚ್ಚು ಮಂದಿ ಸಾಯುವುದು ವೈರಸಿನ ಬಾಳುವೆಯಲ್ಲಿ ಒಂದು ಆಕಸ್ಮಿಕ ಮಾತ್ರ.

ಟ್ರಾಬ್ ಕಂಡ ಇಲಿಗಳು

ರೋಗವು ವೈರಸಿನಿಂದಲ್ಲದೆ ನಮ್ಮ ರಕ್ಷಣೆಯಿಂದಲೇ ಬರಬಹುದೆಂಬ ಮಾತು ವಿಚಿತ್ರವಾಗಿ ತೋರಬಹುದು. ಅದಕ್ಕೆ ಅತ್ಯಂತ ಸ್ಪಷ್ಟವಾದ ಆಧಾರ ಇಲಿಗಳ ಇನ್ನೊಂದು ವೈರಸಿನಿಂದ ದೊರೆಯಿತು. ಅದು ಮಿದುಳಿನ ಹೊದಿಕೆಗೆ ಉರಿಯೂತವನ್ನು ತರುವ, ಅರೆನವೈರಸ್ ಎಂಬ ಬೇರೊಂದು ಕುಟುಂಬದ ವೈರಸ್. ೧೯೩೦ರ ದಶಕದಲ್ಲಿ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಎರಿಕ್ ಟ್ರಾಬ್ ಎಂಬವರು, ಪ್ರಯೋಗಶಾಲೆಯಲ್ಲಿ ಸಾಕಿದ್ದ ಇಲಿಗಳಲ್ಲಿ ಇದನ್ನು ಕಂಡರು. ಬೆಳೆದ ಇಲಿಯ ಮಿದುಳಿಗೆ ಈ ವೈರಸನ್ನು ಚುಚ್ಚಿದರೆ ಸುಮಾರು ಒಂದು ವಾರದಲ್ಲಿ ಅದು ಸಾಯುತ್ತದೆ. ತಾಯಿಯ ಗರ್ಭದಲ್ಲಿದ್ದಾಗಲೇ ಸೋಂಕು ತಗುಲಿದ ಮರಿಯಾದರೋ ಬದುಕಿ, ಬೆಳೆದು, ಮೈತುಂಬ ವೈರಸನ್ನು ಹೊತ್ತುಕೊಂಡೇ ಬಾಳುತ್ತದೆ.

ಮುಂದೆ ಬೇರೆ ಸಂಶೋಧಕರು ಬೆಳೆದ ಇಲಿಗಳ ರಕ್ಷಣಾ ಶಕ್ತಿಯನ್ನು ವಿಕಿರಣದಿಂದ ಕುಗ್ಗಿಸಿ, ಆ ಬಳಿಕ ವೈರಸನ್ನು ಚುಚ್ಚಿದರು. ಇಲಿಗಳು ಸಾಯಬೇಕಾಗಿದ್ದ ದಿನ ಸಾಯಲಿಲ್ಲ! ಮಿದುಳಿನಲ್ಲಿ ವೈರಸ್ ಹೇರಳವಾಗಿ ಬೆಳೆದಿತ್ತು. ಅದರ ಮೇಲೆ ಬೀಳುವ ಕಣಗಳು ಮಾತ್ರ ಇರಲಿಲ್ಲ. ಇಲಿಯನ್ನು ಕೊಲ್ಲುತ್ತಿದ್ದುದು ಯಾವುದೆಂಬುದು ಇದರಿಂದ ಸ್ಪಷ್ಟವಾಯಿತು.

ಈ ಪುಟ್ಟ ಇಲಿಗಳು ಜೀವವಿಜ್ಞಾನಕ್ಕೆ ಮಾಡಿದ ಉಪಕಾರ ಇಷ್ಟಕ್ಕೇ ಮುಗಿಯಲಿಲ್ಲ. ಟ್ರಾಬ್ ಕಂಡ ಸಂಗತಿಯನ್ನೂ ಒಂದು ಆಧಾರವಾಗಿಟ್ಟುಕೊಂಡು ಆಸ್ಟ್ರೇಲಿಯದ ಬರ್ನೆಟ್ ಮತ್ತು ಫೆನ್ನರ್ ಅವರು ೧೯೪೯ರಲ್ಲಿ ಒಂದು ತತ್ತ್ವವನ್ನು ಮುಂದಿಟ್ಟರು: ದೇಹವು ಹುಟ್ಟುವ ಮೊದಲು ಯಾವುದನ್ನು ಪರಿಚಯಮಾಡಿಕೊಳ್ಳುವುದೋ ಅದನ್ನು ‘ನನ್ನದು’ ಎಂದು ತಿಳಿದು ಸುಮ್ಮನಿರುವುದು, ಆಮೇಲೆ ಬಂದುದನ್ನು ಪರಕೀಯವೆಂದು ಎದುರಿಸುವುದು. ದೇಹದ ಈ ಸಹನೆಯನ್ನು ಕುರಿತ ಕೆಲಸಕ್ಕಾಗಿ ಬರ್ನೆಟ್ ಮತ್ತು ಮೆಡಾವರ್ ಅವರಿಗೆ ೧೯೬೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ರಕ್ತಕಣಗಳು ಸೋಂಕು ತಗುಲಿದ ಜೀವಕೋಶವನ್ನು ಗುರುತಿಸುವ ಬಗೆಯನ್ನು ಡೊಹರ್ಟಿ ಮತ್ತು ಜಿಂಕರ್ನಾಗೆಲ್ ಅವರು ಕಂಡುಹಿಡಿದುದೂ ಇದೇ ವೈರಸಿನಿಂದ. ಅವರಿಗೂ ೧೯೯೬ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ವಸತಿಗೆ ತೆರುವ ಬಾಡಿಗೆ

ಇಷ್ಟನ್ನು ಓದಿದವರು, “ಹಾಗಾದರೆ ಇಲಿಗೆ ವೈರಸಿನಿಂದ ಯಾವ ತೊಂದರೆಯೂ ಇಲ್ಲ” ಎಂದುಕೊಳ್ಳುವುದು ಸಹಜ. ಬಹುಕಾಲ ಶಾಸ್ತ್ರಜ್ಞರೂ ಹಾಗೆಯೇ ತಿಳಿದಿದ್ದರು. ಹಳೆಯ ಪರಿಚಯವಾದಂತೆಲ್ಲ ವೈರಸ್ ಸೌಮ್ಯವಾಗುವುದೆಂಬುದು ಒಂದು ಗಾದೆಯಂತೆಯೇ ಆಗಿಹೋಗಿತ್ತು. ಪ್ರಯೋಗಶಾಲೆಯ ಪಂಜರದಲ್ಲಿ ಹೊಟ್ಟೆತುಂಬ ತಿಂದು ಬೆಚ್ಚಗಿರುವ ಇಲಿಯನ್ನು ನೋಡಿದರೆ ಹಾಗೆ ತೋರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಾಡಿನ ಇಲಿಗೆ ಹಸಿವುಂಟು, ಚಳಿಯುಂಟು, ಗೂಬೆಯ ಭಯವುಂಟು.

ಫಿನ್ಲೆಂಡಿನ ಕಾಡುಗಳಲ್ಲಿ ಸಂಶೋಧಕರು ಬ್ಯಾಂಕ್ ವೋಲ್‌ಗಳನ್ನು ಹಿಡಿದು, ಗುರುತು ಹಾಕಿ ಬಿಟ್ಟು, ಚಳಿಗಾಲ ಕಳೆದ ಮೇಲೆ ಮತ್ತೆ ಹಿಡಿದು ಲೆಕ್ಕ ಮಾಡಿದರು. ಪೂಮಾಲ ವೈರಸ್ ತಗುಲಿದ ಇಲಿಗಳಲ್ಲಿ ಆ ದೀರ್ಘವಾದ ಚಳಿಗಾಲವನ್ನು ದಾಟಿ ಉಳಿದವು, ಸೋಂಕಿಲ್ಲದವುಗಳಿಗಿಂತ ಕಡಿಮೆಯೆಂದು ತಿಳಿಯಿತು. ೨೦೦೭ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಟ್ರಾಬ್ ಕಂಡ ಬಗೆಯ ಇಲಿಗಳೂ ವೈರಸನ್ನು ಸಂಪೂರ್ಣವಾಗಿ ಸಹಿಸಿಕೊಂಡವಲ್ಲ. ಅವು ಅಲ್ಪಸ್ವಲ್ಪ ಪ್ರತಿಕಾಯಗಳನ್ನು ಮಾಡುತ್ತಲೇ ಇರುತ್ತವೆ. ಪ್ರತಿಕಾಯವೂ ವೈರಸೂ ಕೂಡಿದ ಗಂಟುಗಳು ಮೂತ್ರಪಿಂಡದಲ್ಲಿ ಸಿಕ್ಕಿಕೊಂಡು, ವಯಸ್ಸಾದಂತೆ ಅದನ್ನು ಕೆಡಿಸುತ್ತವೆ. ಬೊಲಿವಿಯದ ಮಚೂಪೊ ಎಂಬ ಅರೆನವೈರಸಿನದು ಇನ್ನೂ ಕಠೋರವಾದ ಕಥೆ. ಎಳೆಯ ವಯಸ್ಸಿನಲ್ಲಿಯೇ ಆ ವೈರಸ್ ಹಿಡಿದ ಇಲಿಗಳು ಬಾಳೆಲ್ಲ ಅದನ್ನು ಹೊರಸೂಸುತ್ತವೆ. ಆದರೆ ಅವುಗಳಲ್ಲಿ ಹೆಣ್ಣುಗಳು ಬಹುಮಟ್ಟಿಗೆ ಬಂಜೆಯಾಗುತ್ತವೆ. ಇಲಿಯೂ ಬಾಡಿಗೆ ತೆರುತ್ತದೆ. ಅದು ಮನುಷ್ಯನು ತೆರುವಷ್ಟು ದುಬಾರಿಯಲ್ಲ, ಅಷ್ಟೆ.

ಮಳೆ, ಕಾಳು, ಇಲಿ

ವೈರಸ್ ಇಲಿಗಳಲ್ಲಿ ಯಾವಾಗಲೂ ಇದ್ದ ಪಕ್ಷದಲ್ಲಿ, ಮನುಷ್ಯರಲ್ಲಿ ರೋಗ ಕೆಲವು ವರ್ಷಗಳಲ್ಲಿ ಮಾತ್ರ ಏಕೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ? ೧೯೯೩ರ ಘಟನೆ ಇದಕ್ಕೆ ಒಳ್ಳೆಯ ಉದಾಹರಣೆ. ೧೯೯೨–೯೩ರಲ್ಲಿ ಶಾಂತ ಸಾಗರದ ನೀರು ಬಿಸಿಯೇರುವ ಎಲ್ ನಿನೊ ಎಂಬ ವಿದ್ಯಮಾನದಿಂದ ಆ ಒಣ ಸೀಮೆಯಲ್ಲಿ ಎಂದಿಗಿಂತ ಹೆಚ್ಚು ಮಳೆ, ಹಿಮ ಬಿದ್ದಿತು. ಗಿಡ ಹುಲ್ಲುಗಳು ಹುಲುಸಾದವು, ಬೀಜಗಳು ತುಂಬಿದವು, ತಿನ್ನಲು ಸಮೃದ್ಧಿಯಾದುದರಿಂದ ಇಲಿಗಳು ಅನೇಕ ಪಾಲು ಹೆಚ್ಚಿದವು. ಹೆಚ್ಚಿದ ಇಲಿಗಳು ಮನೆ ಕೊಟ್ಟಿಗೆಗಳನ್ನು ಹೊಕ್ಕವು. ಮಳೆಗೂ ರೋಗಕ್ಕೂ ನಡುವೆ ಹಲವು ತಿಂಗಳುಗಳ ಅಂತರವಿರುವುದನ್ನು ಗಮನಿಸಬೇಕು. ಮರಿಗಳು ಹೊಸದಾಗಿ ಹುಟ್ಟಿದಾಗ ತಾಯಿಯ ರಕ್ಷೆ ಇರುವುದರಿಂದ ಸೋಂಕಿನ ಪ್ರಮಾಣ ಇಳಿಯುತ್ತದೆ. ಅವು ಬೆಳೆದು ಕಾದಾಡತೊಡಗಿದ ಮೇಲೆ ಮತ್ತೆ ಏರುತ್ತದೆ. ಉತ್ತರ ಯೂರೋಪಿನಲ್ಲಿ ಬ್ಯಾಂಕ್ ವೋಲ್‌ಗಳ ಸಂಖ್ಯೆ ಮೂರು ನಾಲ್ಕು ವರ್ಷಗಳಿಗೊಮ್ಮೆ ಉಕ್ಕುತ್ತದೆ. ಅದರ ಜೊತೆಗೆ ಅಲ್ಲಿನ ಜನರಲ್ಲಿ ಮೂತ್ರಪಿಂಡದ ಜ್ವರವೂ ಉಕ್ಕುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಕಾಡುಗಳಲ್ಲಿ ಬಿದಿರು ಹೂಬಿಟ್ಟ ವರ್ಷ ಇಲಿಗಳು ಮಿತಿಮೀರುತ್ತವೆ. ಬಿದಿರು ಹೂಬಿಟ್ಟರೆ ಬಿದಿರಕ್ಕಿಯ ಹಿಂದೆಯೇ ಇಲಿಯೂ ಬರವೂ ಬರುತ್ತವೆಂದು ಹೇಳುವ ನಮ್ಮ ಮಲೆಸೀಮೆಯ ಹಿರಿಯರಿಗೆ ಈ ಮಾತು ಹೊಸದೆನಿಸದು.

ಕಾಡಿನ ಸ್ಥಿತಿಗೂ ಇದಕ್ಕೂ ಸಂಬಂಧವಿದೆ. ಪನಾಮ ದೇಶದಲ್ಲಿ ಸಂಶೋಧಕರು ಕೆಲವು ಜಾಗಗಳಿಂದ, ವೈರಸಿಗೆ ಆಶ್ರಯವಲ್ಲದ ಬೇರೆ ಸಣ್ಣ ಪ್ರಾಣಿಗಳನ್ನು ಹಿಡಿದು ತೆಗೆದುಬಿಟ್ಟರು. ಅಲ್ಲಿ ಆಶ್ರಯಪ್ರಾಣಿಗಳಾದ ಇಲಿಗಳೂ ಹೆಚ್ಚಿದವು, ಅವುಗಳಲ್ಲಿ ಸೋಂಕೂ ಹೆಚ್ಚಿತು. ಹಲವು ಬಗೆಯ ಪ್ರಾಣಿಗಳು ಬೆರೆತು ಬಾಳುವ ಕಡೆ ಒಂದೇ ಜಾತಿಯ ಇಲಿಗಳು ಒಂದನ್ನೊಂದು ಸಂಧಿಸುವುದು ಕಡಿಮೆ. ಕಾಡು ಬಡವಾದಂತೆ ಆ ತಡೆ ಇಲ್ಲವಾಗುತ್ತದೆ.

ನಮ್ಮ ದೇಶದಲ್ಲಿ

ಲೀ ಅವರು ಹಂಟಾನ್ ವೈರಸನ್ನು ಕಾಣುವುದಕ್ಕೆ ಹನ್ನೆರಡು ವರ್ಷ ಮೊದಲೇ, ೧೯೬೪ರಲ್ಲಿ, ತಮಿಳುನಾಡಿನ ವೆಲ್ಲೂರಿನಲ್ಲಿ ಸೊಂಡಿಲಿಯೊಂದರಿಂದ ಒಂದು ವೈರಸನ್ನು ಬೇರ್ಪಡಿಸಿ, ಅದಕ್ಕೆ ತೊಟ್ಟಪಾಳಯಂ ಎಂದು ಹೆಸರಿಟ್ಟಿದ್ದರು. ಅದೂ ಹಂಟಾವೈರಸೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಹಂಟಾವೈರಸೆಂಬ ಕಲ್ಪನೆಯೇ ಆಗ ಹುಟ್ಟಿರಲಿಲ್ಲ. ಸೊಂಡಿಲಿ ನೋಡಲು ಇಲಿಯಂತಿದ್ದರೂ ದಂಶಕಗಳ ವರ್ಗಕ್ಕೆ ಸೇರಿದುದಲ್ಲ, ಹುಳುಹುಪ್ಪಟೆಗಳನ್ನು ತಿನ್ನುವ ಬೇರೆ ವರ್ಗದ್ದು.

೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ನಮ್ಮ ವಾಚಕರಿಗೆ ತಿಳಿದೇ ಇದೆ. ಅದು ಹಂಟಾವೈರಸಿನದಲ್ಲ, ಉಣ್ಣೆಗಳ ಕಡಿತದಿಂದ ಬರುವ ಬೇರೆ ಕುಟುಂಬದ ವೈರಸಿನದು. ಆದರೂ ಅಲ್ಲಿಯೂ ಇದೇ ಪಾಠ ಕಾಣುತ್ತದೆ. ಮುಸುವ ಮತ್ತು ಕೆಂಪು ಮುಖದ ಮಂಗಗಳು ಆ ವೈರಸಿನಿಂದ ಸತ್ತು ಬೀಳುತ್ತವೆ. ಕಾಡಿನ ಇಲಿ, ಸೊಂಡಿಲಿಗಳಲ್ಲಿಯೂ ಅದು ದೊರೆತಿದೆ, ಆದರೆ ಅವು ಹಾಗೆ ಕಣ್ಣಿಗೆ ಬೀಳುವಂತೆ ಸಾಯುವುದಿಲ್ಲ. ಸತ್ತ ಮಂಗ ಜನಕ್ಕೆ ಎಚ್ಚರಿಕೆ ಕೊಡುತ್ತದೆ. ಬದುಕಿರುವ ಇಲಿ ಕೊಡುವುದಿಲ್ಲ.

ನಾವು ಮಾಡಬಹುದಾದುದು

ಇಲಿಗಳನ್ನೆಲ್ಲ ಕೊಂದುಬಿಟ್ಟರಾಯಿತಲ್ಲವೆ ಎಂದು ಕೆಲವರು ಕೇಳಬಹುದು. ಮನೆಯೊಳಗಿನ ಇಲಿಯ ಮಟ್ಟಿಗೆ ಆ ಮಾತು ಸರಿಯೇ. ೧೯೬೩–೬೪ರಲ್ಲಿ ಬೊಲಿವಿಯದ ಸಾನ್ ಹೋಆಕಿನ್ ಎಂಬ ಊರಿನಲ್ಲಿ ಮಚೂಪೊ ವೈರಸಿನ ರಕ್ತಸ್ರಾವದ ಜ್ವರ ಹರಡಿದಾಗ, ಮನೆಮನೆಗಳಲ್ಲಿಯೂ ಬೋನುಗಳನ್ನಿಟ್ಟು ಇಲಿಗಳನ್ನು ಹಿಡಿದರು. ವಾರಗಳೊಳಗೆ ರೋಗ ನಿಂತಿತು. ಆದರೆ ಕಾಡು ಹೊಲಗಳ ಇಲಿಯನ್ನು ಮುಗಿಸಲು ಯಾರಿಗೂ ಸಾಧ್ಯವಿಲ್ಲ. ಗೂಬೆ, ಹಾವು, ನರಿಗಳಿಗೆ ಅದೇ ಆಹಾರ. ಬೀಜಗಳನ್ನು ಹೊತ್ತು ಹರಡುವುದೂ ಅದೇ.

ಆದುದರಿಂದ ಇಲಿಯ ಪಾಡಿಗೆ ಇಲಿಯನ್ನು ಕಾಡಿನಲ್ಲಿ ಬಿಟ್ಟು, ನಮ್ಮ ಮನೆಗೂ ಅದಕ್ಕೂ ನಡುವೆ ಅಂತರವಿಡುವುದೇ ಸರಿಯಾದ ದಾರಿ. ಕಾಳುಕಡ್ಡಿಗಳನ್ನು ಮುಚ್ಚಿದ ಡಬ್ಬಗಳಲ್ಲಿಡಬೇಕು. ಗೋಡೆಯ ಬಿಲಗಳನ್ನು ಮುಚ್ಚಬೇಕು. ಬಹುದಿನ ಮುಚ್ಚಿದ್ದ ಕೋಣೆಯನ್ನು ಶುಚಿ ಮಾಡುವಾಗ ಮೊದಲು ಕಿಟಕಿ ಬಾಗಿಲುಗಳನ್ನು ತೆರೆದು ಗಾಳಿಯಾಡಲು ಬಿಡಬೇಕು. ಇಲಿಯ ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬಾರದು. ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ಚಿಮುಕಿಸಿ, ನೆನೆದ ಮೇಲೆ ಕೈಗೆ ಚೀಲ ಹಾಕಿಕೊಂಡು ಒರೆಸಿ ತೆಗೆಯಬೇಕು. ಇಷ್ಟು ಸಣ್ಣ ಎಚ್ಚರಿಕೆಯ ಬೆಲೆ ಎಷ್ಟೆಂಬುದನ್ನು ಕೊರಿಯದ ಕಂದಕಗಳಲ್ಲಿ ಮಲಗಿದ್ದವರೂ, ೧೯೯೩ರ ಆ ಬೇಸಗೆಯಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳೂ ಬಲ್ಲರು.

ಪ್ಲೇಗಿನ ಕಾಲದ ಜನ ಸತ್ತ ಇಲಿಯನ್ನು ನೋಡಿ ಎಚ್ಚರಗೊಂಡರು. ಇಲಿ ಬೀಳದ ಪಿಡುಗಿನಲ್ಲಿ ಆ ಸೂಚನೆ ನಮಗಿಲ್ಲ. ಮಳೆಯ ಲೆಕ್ಕ, ಬೀಜದ ಫಸಲು, ಬೋನಿಗೆ ಬಿದ್ದ ಇಲಿಗಳ ಎಣಿಕೆ, ಅವುಗಳ ರಕ್ತದ ಪರೀಕ್ಷೆ, ಇವೇ ಈಗ ನಮಗೆ ಸೂಚನೆ ಕೊಡಬೇಕಾದವು. ಅವನ್ನು ಓದಲು ಕಲಿತವರು ಇನ್ನೂ ಹೆಚ್ಚಾಗಿ ಬೇಕಾಗಿದ್ದಾರೆ. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ಕೆಲಸಕ್ಕೆ ಮುಂದಾದರೆ ನಾಡಿಗೆ ಒಳಿತಾದೀತು.